ಉಪ್ಪು ಕಡಿಮೆ ಮಾಡಿ ಅಂತ ಎಷ್ಟು ಹೇಳಿದರೂ ಅಡುಗೆಮನೆಯಲ್ಲಿ ಏನೂ ಬದಲಾಗುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ – ಆರೋಗ್ಯ ಕಾರ್ಯಕರ್ತೆ

ಎಲ್ಲರಿಗೂ ನಮಸ್ಕಾರ. ಆರೋಗ್ಯದ ಕೆಲಸದಲ್ಲಿ ಇರುವವರು ಇಲ್ಲಿ ಬಹಳ ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು ಏಳು ವರ್ಷದಿಂದ ಸಮುದಾಯ ಆರೋಗ್ಯ ಕಾರ್ಯಕರ್ತೆ. ನನ್ನ ಪಾಲಿಗೆ ಸುಮಾರು 200 ಮನೆ. ಬಿಪಿ ನೋಡುವುದು, ಮಾತ್ರೆ ತಪ್ಪದೆ ನುಂಗುತ್ತಿದ್ದಾರಾ ಅಂತ ವಿಚಾರಿಸುವುದು, ತಿಂಗಳಿಗೊಂದು ಸಭೆ ನಡೆಸುವುದು ನನ್ನ ಕೆಲಸ. ಕಳೆದ ವರ್ಷ ಉಪ್ಪಿನ ಬಗ್ಗೆ ಮೂರು ಸಭೆ ಮಾಡಿದೆ. ದೊಡ್ಡ ಚಾರ್ಟು ಹಿಡಿದು, ಹೃದಯದ ಚಿತ್ರ ತೋರಿಸಿ, ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಜಗತ್ತಿನ ಸರಾಸರಿ ಅದರ ಎರಡು ಪಟ್ಟಿಗೂ ಹೆಚ್ಚು ಅಂತ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ‘ಆಯ್ತಕ್ಕ, ಇವತ್ತಿಂದಲೇ ಕಡಿಮೆ ಮಾಡ್ತೀವಿ’ ಅಂದರು. ಒಬ್ಬ ಅಜ್ಜ ಮಾತ್ರ ಎದ್ದು ನಿಂತು ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೇನಮ್ಮಾ’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆರು ತಿಂಗಳ ಮೇಲೆ ಬಿಪಿ ಇರುವ 31 ಮನೆಗಳಲ್ಲಿ ಕೇಳಿದೆ. ಇಪ್ಪತ್ತಕ್ಕೂ ಹೆಚ್ಚು ಮನೆಯವರು ‘ಕಡಿಮೆ ಮಾಡಿದ್ದೀವಿ’ ಅಂದರು. ನನ್ನ ಪುಸ್ತಕದಲ್ಲಿ ಅವರ ಬಿಪಿ ಅಂಕಿ ನೋಡಿದರೆ ಎಲ್ಲಿತ್ತೋ ಅಲ್ಲೇ ಇದೆ.

ನನ್ನ ಮನಸ್ಸಿಗೆ ಚುಚ್ಚಿದ್ದು ಬೇರೆಯೇ. ಒಂದು ಮನೆಯ ಹೆಣ್ಣುಮಗಳು ನನ್ನ ಮಾತನ್ನು ನಿಜಕ್ಕೂ ನಂಬಿ ಮರುದಿನವೇ ಉಪ್ಪು ಅರ್ಧ ಮಾಡಿದ್ದಳು. ಗಂಡ ಒಂದು ತುತ್ತು ಬಾಯಿಗಿಟ್ಟು ತಟ್ಟೆ ದೂಡಿದನಂತೆ. ಅತ್ತೆ ಎದ್ದು ಹೋಗಿ ಇಡೀ ಪಾತ್ರೆಗೆ ಮತ್ತೆ ಉಪ್ಪು ಸುರಿದು ಕಲಕಿದರಂತೆ. ‘ನೀವು ಹೇಳಿದ್ದಕ್ಕೆ ಮಾಡಿದೆ ಅಕ್ಕ, ಬೈಸಿಕೊಂಡವಳು ನಾನು’ ಅಂತ ಬಾಗಿಲ ಬಳಿ ನಿಂತು ಹೇಳಿದಳು. ಅವತ್ತಿನಿಂದ ಆ ಚಾರ್ಟು ಬಿಚ್ಚಲು ನನಗೆ ಕೈ ಬರುತ್ತಿಲ್ಲ.

5 ಗ್ರಾಂ ಅನ್ನುವುದನ್ನು ಜನರ ಕಣ್ಣಿಗೆ ಕಾಣುವ ಹಾಗೆ ಮಾಡುವುದು ಹೇಗೆ? ಅಡುಗೆ ಮಾಡುವವಳ ತಲೆಗೆ ತಪ್ಪು ಬರದಂತೆ ಇದನ್ನು ಮಾಡಲು ಸಾಧ್ಯವೇ? ನಿಜವಾಗಿ ಕಡಿಮೆ ಆಗಿದೆಯೋ ಇಲ್ಲವೋ ತಿಳಿಯುವ ದಾರಿ ಏನಾದರೂ ಇದೆಯೇ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ – ನಿವೃತ್ತ ನರ್ಸ್

ತಂಗಿ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಾನೂ ಇದೇ ಚಾರ್ಟು ಹಿಡಿದು ಹತ್ತು ವರ್ಷ ಓಡಾಡಿದವಳು. ಮೊದಲು ಒಂದು ಮಾತು: ಆ ಇಪ್ಪತ್ತು ಮನೆಯವರು ನಿಮಗೆ ಮೋಸ ಮಾಡಿಲ್ಲ. ನಿಮ್ಮ ಮೇಲಿನ ಗೌರವಕ್ಕೆ ‘ಕಡಿಮೆ ಮಾಡಿದ್ದೀವಿ’ ಅಂದಿದ್ದಾರೆ, ಎಷ್ಟೋ ಮನೆಗಳಲ್ಲಿ ಹಾಗಂತ ನಂಬಿಯೂ ಇದ್ದಾರೆ. ಎಷ್ಟು ಹಾಕುತ್ತಿದ್ದೆವು ಅನ್ನುವುದೇ ಗೊತ್ತಿಲ್ಲದವರಿಗೆ ಕಡಿಮೆ ಆಗಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಗ್ರಾಂ ಅನ್ನುವ ಅಳತೆ ಅಡುಗೆಮನೆಯಲ್ಲಿ ಇಲ್ಲ. ಅಲ್ಲಿ ಇರುವುದು ಕೈ. ಈ ಕೈಯನ್ನು ಅಳೆಯುವ ತನಕ ನಮ್ಮ ಮಾತೆಲ್ಲ ಗಾಳಿಗೆ ಹೋಗುತ್ತದೆ.

ನಾನು ಕೊನೆಗೆ ಚಾರ್ಟು ಬಿಟ್ಟು ಅಡುಗೆಯ ಸಣ್ಣ ಡಿಜಿಟಲ್ ತಕ್ಕಡಿ ಹಿಡಿದು ಹೋದೆ. ಮೊದಲ ದಿನ ಹದಿನಾಲ್ಕು ಜನ ಹೆಂಗಸರು. ಒಂದು ಅಗಲ ಬಟ್ಟಲಲ್ಲಿ ಉಪ್ಪು, ಪಕ್ಕದಲ್ಲಿ ಖಾಲಿ ಕಾಗದದ ಲೋಟಗಳು. ‘ನಾಲ್ಕು ಜನರಿಗೆ ಒಂದು ಪಲ್ಯ ಮಾಡುತ್ತಿದ್ದೀರಿ ಅಂದುಕೊಳ್ಳಿ, ಯೋಚನೆ ಮಾಡಬೇಡಿ, ದಿನಾ ಹಾಕುವ ಹಾಗೇ ಹಾಕಿ’ ಅಂದೆ. ಒಬ್ಬೊಬ್ಬರೇ ಬಂದು ಹಾಕಿದರು. ಕೆಲವರು ಐದೂ ಬೆರಳಿನಲ್ಲಿ ಎತ್ತಿದರು, ಕೆಲವರು ಅಂಗೈಗೆ ಸುರಿದುಕೊಂಡು ನೋಡಿ ಹಾಕಿದರು, ಒಬ್ಬರು ಹಾಕಿ ಮುಗಿಸಿ ಹಿಂದಿರುಗುವಾಗ ಅಭ್ಯಾಸಬಲದಿಂದ ಇನ್ನೊಂದು ಚಿಟಿಕೆ ಉದುರಿಸಿದರು. ತೂಗಿದೆವು. ಅತಿ ಕಡಿಮೆ 4 ಗ್ರಾಂ, ಅತಿ ಹೆಚ್ಚು 13. ಒಂದೇ ಪಲ್ಯ, ಅದೇ ನಾಲ್ಕು ಜನ! 13 ಗ್ರಾಂ ಹಾಕಿದಾಕೆ ತಕ್ಕಡಿ ಕೆಟ್ಟಿದೆ ಅಂದರು, ಇನ್ನೊಮ್ಮೆ ಹಾಕಿದರು, 12 ಬಂತು. ಆಮೇಲೆ ಬಹಳ ಹೊತ್ತು ಲೋಟ ಕೈಯಲ್ಲೇ ಹಿಡಿದು ನೋಡುತ್ತಾ ಕೂತಿದ್ದರು. ನಾನು ಒಂದು ಮಾತೂ ಆಡಬೇಕಾಗಲಿಲ್ಲ.

(ಒಂದು ಚಿಟಿಕೆಯನ್ನು ತೂಗಲು ಹೋಗಬೇಡಿ, ಮಾಮೂಲಿ ತಕ್ಕಡಿ ಸೊನ್ನೆ ತೋರಿಸುತ್ತದೆ. ‘ನೋಡಿ, ಏನೂ ಇಲ್ಲ’ ಅಂದುಬಿಡುತ್ತಾರೆ. ಹತ್ತು ಚಿಟಿಕೆ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ.)

ಅದಾದ ಮೇಲೆ ಟೀ ಚಮಚ ತೆಗೆದು, ಪುಡಿ ಉಪ್ಪು ತುಂಬಿ, ಬೆರಳಿನಿಂದ ತಲೆ ಸವರಿ ತೋರಿಸಿ: ಹತ್ತಿರಹತ್ತಿರ 5 ಗ್ರಾಂ. ಒಬ್ಬ ದೊಡ್ಡವರಿಗೆ ಬೆಳಗಿನಿಂದ ರಾತ್ರಿವರೆಗೆ ಎಲ್ಲಾ ಸೇರಿ ಮೇಲ್ಮಿತಿ ಅಷ್ಟೇ. ತಲೆ ಸವರದೆ ಗೋಪುರದ ಹಾಗೆ ತುಂಬಿದ ಚಮಚ ತೂಗಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ, ಅದನ್ನೂ ಅವರ ಕೈಯಲ್ಲೇ ತೂಗಿಸಿ.

ಇನ್ನು ಕಡಿಮೆ ಆಗಿದೆಯೋ ಇಲ್ಲವೋ ತಿಳಿಯುವುದು. ಸರಿಯಾದ ಪರೀಕ್ಷೆ ಅಂದರೆ 24 ಗಂಟೆಯ ಮೂತ್ರ ಪೂರ್ತಿ ಸಂಗ್ರಹಿಸಿ ಅದರಲ್ಲಿರುವ ಸೋಡಿಯಂ (ಉಪ್ಪಿನಲ್ಲಿರುವ ಅಂಶ) ಅಳೆಯುವುದು. ತಿಂದ ಸೋಡಿಯಂನ ಶೇ. 90ರಷ್ಟು ಅಲ್ಲೇ ಹೊರಗೆ ಬರುತ್ತದೆ. ಮನೆಮನೆಗೆ ಅದು ಆಗುವ ಮಾತಲ್ಲ. ನಾನು ಮಾಡಿದ್ದು ಇಷ್ಟು: ಉಪ್ಪಿನ ಪಾಕೀಟು ತೆರೆದ ದಿನ ಅದರ ಮೇಲೇ ಪೆನ್ನಿನಿಂದ ತಾರೀಖು ಬರೆಯಿಸಿದೆ. ಮುಗಿದ ದಿನ ಇನ್ನೊಂದು ತಾರೀಖು. ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. ಪಾಕೀಟು 25 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 10 ಗ್ರಾಂ. ಅದೇ ಪಾಕೀಟು 50 ದಿನ ಬಂದರೆ 5 ಗ್ರಾಂ. ಪಾತ್ರೆಯ ತಳದಲ್ಲಿ ಉಳಿಯುವುದು, ಬಸಿದ ನೀರಿನಲ್ಲಿ ಹೋಗುವುದು, ನೆಂಟರು ಬಂದದ್ದು ಎಲ್ಲಾ ಸೇರಿ ಈ ಲೆಕ್ಕ ಒರಟು ಲೆಕ್ಕವೇ. ಅಂಗಡಿಯಿಂದ ತಂದ ತಿಂಡಿಯಲ್ಲಿರುವ ಉಪ್ಪು ಇದರಲ್ಲಿ ಬರುವುದೂ ಇಲ್ಲ. ಆದರೆ ಅದೇ ಮನೆಯ ಹಿಂದಿನ ಪಾಕೀಟಿಗೂ ಈಗಿನದಕ್ಕೂ ಹೋಲಿಸಲು ಸಾಕು. ‘25 ಇದ್ದದ್ದು 29 ದಿನ ಬಂತು’ ಅಂತ ಮನೆಯವರೇ ಹೇಳುವಾಗ ಅವರ ಮುಖ ನೋಡಬೇಕು ನೀವು. ಹಾಗೆ ಹೇಳುವವರು ನಮ್ಮನ್ನು ಮೆಚ್ಚಿಸಲು ಹೇಳುವುದಿಲ್ಲ.

ಅರ್ಧಕ್ಕರ್ಧ ಒಂದೇ ದಿನ ಕಡಿಮೆ ಮಾಡಿದರೆ ಯಾರಿಗಾದರೂ ಸಪ್ಪೆ ಅನ್ನಿಸುತ್ತದೆ, ಗಂಡನ ತಪ್ಪೂ ಅಲ್ಲ ಅದು. ನಾಲಿಗೆಗೆ ಸಮಯ ಬೇಕು. ಕೆಲವು ವಾರದಿಂದ ಎರಡು ಮೂರು ತಿಂಗಳೊಳಗೆ ಕಡಿಮೆ ಉಪ್ಪೇ ಸರಿಯಾದ ಹದ ಅನ್ನಿಸತೊಡಗುತ್ತದೆ, ಹಳೆಯ ಅಡುಗೆ ಉಪ್ಪುಪ್ಪಾಗಿ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಬ್ರೆಡ್ಡಿನ ಉಪ್ಪನ್ನು ವಾರಕ್ಕೆ ಶೇ. 5ರಂತೆ ಇಳಿಸುತ್ತಾ ಆರು ವಾರದಲ್ಲಿ ಶೇ. 25 ಕಡಿಮೆ ಮಾಡಿ ನೋಡಿದ್ದಾರೆ, ತಿಂದವರಿಗೆ ಗೊತ್ತೇ ಆಗಲಿಲ್ಲ. ಅಡುಗೆಮನೆಯಲ್ಲಿ ಇದನ್ನು ಮಾಡಲು ಸುಲಭದ ದಾರಿ ಇದೆ. ಒಂದು ವಾರ ದಿನಾ ಹಾಕುವಷ್ಟೇ ಉಪ್ಪನ್ನು ಬೆಳಗ್ಗೆಯೇ ಅಳೆದು ಒಂದು ಪುಟ್ಟ ಡಬ್ಬಿಯಲ್ಲಿ ತೆಗೆದಿಡಿ, ಆ ದಿನದ ಅಡುಗೆಯೆಲ್ಲ ಆ ಡಬ್ಬಿಯಿಂದಲೇ. ಮುಂದಿನ ವಾರ ಅದರಿಂದ ಎರಡು ಚಿಟಿಕೆ ಹಿಂದಕ್ಕೆ ಹಾಕಿ. ಅದರ ಮುಂದಿನ ವಾರ ಮತ್ತೆರಡು. ಅವಸರ ಬೇಡ.

ಮುಖ್ಯವಾದದ್ದು ಈಗ ಹೇಳುತ್ತೇನೆ. ನೀವು ಸಭೆ ಮಾಡಿದ್ದು ಅಡುಗೆ ಮಾಡುವವರಿಗೆ. ಉಪ್ಪು ಬೇಕು ಅನ್ನುವವರು ಸಭೆಗೆ ಬರಲೇ ಇಲ್ಲ! ತಿನ್ನುವವರು ಒಪ್ಪದೆ ಬೇಯಿಸುವವಳು ಒಬ್ಬಳೇ ಏನು ಮಾಡಿಯಾಳು? ಉತ್ತರ ಚೀನಾದ ಚಾಂಗ್‌ಝಿ ಎಂಬಲ್ಲಿ 28 ಪ್ರಾಥಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧ ಶಾಲೆಗಳಲ್ಲಿ ಮಕ್ಕಳಿಗೆ ಉಪ್ಪಿನ ಪಾಠ ಹೇಳಿ, ಮನೆಗೆ ಹೋಗಿ ಹೇಳುವ ಕೆಲಸವನ್ನು ಅವರಿಗೇ ಕೊಟ್ಟರು. ಒಂದು ಶಾಲಾ ಅವಧಿ ಮುಗಿಯುವಷ್ಟರಲ್ಲಿ, ಪಾಠ ಇಲ್ಲದ ಶಾಲೆಗಳಿಗೆ ಹೋಲಿಸಿದರೆ, ಮಕ್ಕಳ ಉಪ್ಪು ದಿನಕ್ಕೆ 1.9 ಗ್ರಾಂ, ಮನೆಯ ದೊಡ್ಡವರದು 2.9 ಗ್ರಾಂ ಕಡಿಮೆ ಆಗಿತ್ತು. ಬಾಯಿಮಾತಿನ ಲೆಕ್ಕ ಅಲ್ಲ, ಮೂತ್ರ ಪರೀಕ್ಷೆ ಮಾಡಿ ನೋಡಿದ್ದು. ಸೊಸೆ ಹೇಳಿದರೆ ‘ನೀನೇನು ನನಗೆ ಹೇಳುವುದು’ ಅನ್ನುವ ಅಜ್ಜಿ, ಮೊಮ್ಮಗ ಹೇಳಿದರೆ ಕೇಳುತ್ತಾಳೆ. ಫಿನ್ಲೆಂಡಿನ ಉತ್ತರ ಕರೇಲಿಯದಲ್ಲಿ 1972ರಲ್ಲಿ ಹೃದ್ರೋಗ ತಡೆಯುವ ಕೆಲಸ ಶುರುವಾದಾಗಲೂ ಅಲ್ಲಿನ ಮಾರ್ಥಾ ಮಹಿಳಾ ಸಂಘದವರು ಹಳ್ಳಿಹಳ್ಳಿಯಲ್ಲಿ ಅಡುಗೆ ಮಾಡಿ, ಎಲ್ಲರನ್ನೂ ಕೂರಿಸಿ ಬಡಿಸಿ ತಿನ್ನಿಸಿದರು. ಬಾಯಿಗೆ ಬಿದ್ದ ಮೇಲೆ ವಾದ ಕಡಿಮೆಯಾಗುತ್ತದೆ.

ಆ ಹೆಣ್ಣುಮಗಳ ಮನೆಗೆ ನೀವು ಮತ್ತೆ ಹೋಗಲೇಬೇಕು. ಗಂಡ, ಅತ್ತೆ ಇಬ್ಬರೂ ಇರುವ ಹೊತ್ತು ನೋಡಿ ಹೋಗಿ. ಎಲ್ಲರ ಬಿಪಿ ನೋಡಿ. ಅವರೆದುರು ‘ತಪ್ಪು ನನ್ನದು, ಒಂದೇ ದಿನ ಅಷ್ಟು ಕಡಿಮೆ ಮಾಡಬಾರದು ಅಂತ ನಾನು ಹೇಳಿಕೊಡಲಿಲ್ಲ’ ಅನ್ನಿ. ಅಷ್ಟು ಹೇಳಿದರೆ ಅವಳ ಮೇಲಿನ ಭಾರ ಇಳಿಯುತ್ತದೆ.

ಆ ಅಜ್ಜನಿಗೂ ಉತ್ತರ ಇದೆ. ಗಾದೆ ಸುಳ್ಳಲ್ಲ ಅನ್ನಿ. ಉಪ್ಪೇ ಬೇಡ ಅಂತ ನಾವು ಯಾರೂ ಹೇಳುತ್ತಿಲ್ಲ, ರುಚಿ ಕೊಡಲು ಎಷ್ಟು ಬೇಕೋ ಅಷ್ಟು ಅಂತ ಹೇಳುತ್ತಿದ್ದೇವೆ.

ಉತ್ತರ – ಅಪ್ಪನಿಗೆ ಅಡುಗೆ ಮಾಡುವ ಮಗ

ನಾನು ಆರೋಗ್ಯದ ಕೆಲಸದವನಲ್ಲ. ಮೂರು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಆಯಿತು, ಅಂದಿನಿಂದ ಮನೆಯ ಅಡುಗೆ ನನ್ನದು. ಮೇಲಿನ ಅಮ್ಮ ಹೇಳಿದ್ದಕ್ಕೆ ನನ್ನ ಅನುಭವದ ಎರಡು ಮಾತು ಸೇರಿಸುತ್ತೇನೆ.

ನಾನು ಮೊದಲು ಮಾಡಿದ್ದು ಊಟದ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿ ತೆಗೆದು ಅಡುಗೆಮನೆಯ ಮೇಲಿನ ಅಟ್ಟಣಿಗೆಗೆ ಇಟ್ಟದ್ದು. ಬೇಕಾದವರು ಎದ್ದು ಹೋಗಿ ತರಲಿ, ಬೇಡ ಅನ್ನಲಿಲ್ಲ. ಅಪ್ಪ ಮೊದಲ ವಾರ ಕೇಳಿದರು, ಆಮೇಲೆ ಮರೆತೇಬಿಟ್ಟರು. ಅವರು ರುಚಿ ನೋಡುವ ಮೊದಲೇ ಉಪ್ಪು ಉದುರಿಸಿಕೊಳ್ಳುತ್ತಿದ್ದರು ಅನ್ನುವುದು ನನಗೆ ಆಗಲೇ ಹೊಳೆದದ್ದು. ಕೈ ತಾನಾಗಿ ಹೋಗುತ್ತಿತ್ತು.

ಎರಡನೆಯದು, ಬೇಯುವಾಗ ಹಾಕುವ ಉಪ್ಪನ್ನು ಕಡಿಮೆ ಮಾಡಿ ಇಳಿಸುವ ಹೊತ್ತಿಗೆ ಸ್ವಲ್ಪ ಹಾಕುತ್ತೇನೆ. ಮೇಲೆ ಇರುವ ಉಪ್ಪು ನಾಲಿಗೆಗೆ ಬೇಗ ಸಿಗುತ್ತದೆ, ಕಡಿಮೆಯಲ್ಲೇ ರುಚಿ ಬರುತ್ತದೆ. ನಿಂಬೆರಸ, ಬೆಳ್ಳುಳ್ಳಿ, ಕಾಳುಮೆಣಸು ಧಾರಾಳವಾಗಿ ಬಳಸುತ್ತೇನೆ. ಹುಳಿ ಸ್ವಲ್ಪ ಮುಂದಿದ್ದರೆ ಉಪ್ಪು ಕಡಿಮೆ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಆದರೆ ನಾನು ಪೂರಾ ಎಡವಿದ್ದು ಪಾಕೀಟಿನ ತಿಂಡಿಯಲ್ಲಿ. ಅಡುಗೆಯಲ್ಲಿ ಗ್ರಾಂ ಲೆಕ್ಕ ಹಾಕುತ್ತಿದ್ದವನು ಸಂಜೆ ಅಪ್ಪನಿಗೆ ಬಿಸ್ಕತ್ತು, ಬ್ರೆಡ್ಡು, ರೆಡಿ ಸೂಪು ಕೊಡುತ್ತಿದ್ದೆ. ಲೇಬಲ್ಲಿನಲ್ಲಿ ಉಪ್ಪು ಅಂತ ಬರೆದಿರುವುದಿಲ್ಲ, ಸೋಡಿಯಂ ಅಂತ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಮೇಲಾಗಿ ಆ ಅಂಕಿ 100 ಗ್ರಾಮಿಗೋ ಒಂದು ಪಾಲಿಗೋ ಅಂತ ನೋಡಬೇಕು, ಅಲ್ಲಿ ನಾನು ಎಷ್ಟೋ ದಿನ ತಪ್ಪು ಓದಿದ್ದೆ. ಸಿಹಿ ಬಿಸ್ಕತ್ತಿನಲ್ಲಿ ಉಪ್ಪು ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಸಭೆಗೆ ನಾಲ್ಕು ಖಾಲಿ ಪಾಕೀಟು ತೆಗೆದುಕೊಂಡು ಹೋಗಿ, ಮಕ್ಕಳ ಕೈಯಲ್ಲಿ ಗುಣಾಕಾರ ಮಾಡಿಸಿ.

ಉತ್ತರ – ಸಮುದಾಯ ವೈದ್ಯ

ಒಳ್ಳೆಯ ಚರ್ಚೆ. ಸಭೆಯಲ್ಲಿ ಖಂಡಿತ ಕೇಳುವ ಕೆಲವು ಪ್ರಶ್ನೆಗಳಿಗೆ ಮೇಡಂ ಸಿದ್ಧರಾಗಿರಲಿ ಅಂತ ಬರೆಯುತ್ತಿದ್ದೇನೆ.

‘ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು ತಿಂದರೆ ಪರವಾಗಿಲ್ಲವಾ?’ ಪರವಾಗಿಲ್ಲ ಅಲ್ಲ. ಅವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಅಂದರೆ ಮಾಮೂಲಿ ಉಪ್ಪೇ. ಅಯೋಡಿನ್ ಸೇರಿಸದ ಉಪ್ಪಾದರೆ ಅಯೋಡಿನ್ನೂ ತಪ್ಪಿಹೋಗುತ್ತದೆ. ಕಡಿಮೆ ಹಾಕಿ, ಹಾಕುವುದು ಅಯೋಡಿನ್ ಉಪ್ಪೇ ಇರಲಿ.

‘ಉಪ್ಪು ಕಡಿಮೆ ಆದರೆ ನಿಶ್ಶಕ್ತಿ ಬರುವುದಿಲ್ಲವಾ?’ ಆರೋಗ್ಯವಾಗಿರುವವರ ದೇಹದ ನಿಜವಾದ ಅಗತ್ಯ 5 ಗ್ರಾಂಗಿಂತ ಬಹಳ ಕಡಿಮೆ. ಆದರೆ ವಾಂತಿ ಭೇದಿ ಆದಾಗ ಲವಣ ಸಕ್ಕರೆಯ ದ್ರಾವಣ ಬೇಡ ಅನ್ನಬಾರದು. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರು, ಸೋಡಿಯಂ ಕಡಿಮೆಯಾಗಿ ಹಿಂದೆ ಆಸ್ಪತ್ರೆ ಸೇರಿದವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಸೋಡಿಯಂ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಚೀನಾದ 600 ಹಳ್ಳಿಗಳಲ್ಲಿ, ಮೊದಲೇ ಪಾರ್ಶ್ವವಾಯು ಆಗಿದ್ದವರು ಮತ್ತು 60 ದಾಟಿದ ಬಿಪಿ ರೋಗಿಗಳು ಸೇರಿ ಸುಮಾರು 21,000 ಜನರ ಮೇಲೆ ಐದು ವರ್ಷದಷ್ಟು ಕಾಲ ಅಧ್ಯಯನ ನಡೆಯಿತು. ಅರ್ಧ ಹಳ್ಳಿಗಳಿಗೆ ಕೊಟ್ಟ ಉಪ್ಪಿನಲ್ಲಿ ಶೇ. 25ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇತ್ತು. 2021ರಲ್ಲಿ ಬಂದ ಫಲಿತಾಂಶದಂತೆ, ಮಾಮೂಲಿ ಉಪ್ಪು ಬಳಸಿದ ಹಳ್ಳಿಗಳಿಗೆ ಹೋಲಿಸಿದರೆ ಅಲ್ಲಿ ಪಾರ್ಶ್ವವಾಯು ಶೇ. 14 ಕಡಿಮೆ. ದೊಡ್ಡ ಲಾಭ ಇದು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಹೆಚ್ಚಿಸುವ ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಈ ಉಪ್ಪು ಅಪಾಯ ತರಬಹುದು. ನಿಮ್ಮ 200 ಮನೆಗಳಲ್ಲಿ ಯಾರಿಗೆ ಕಿಡ್ನಿ ತೊಂದರೆ ಇದೆ ಅಂತ ಗೊತ್ತಿಲ್ಲದೆ ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೆ ‘ಇದನ್ನೇ ಕೊಳ್ಳಿ’ ಅನ್ನಬೇಡಿ.

ಬಿಪಿ ಅಂಕಿ ಬದಲಾಗಲಿಲ್ಲ ಅಂತ ಬೇಸರ ಮಾಡಿಕೊಂಡಿದ್ದೀರಿ. ಅನೇಕ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದಾಗ, ದಿನಕ್ಕೆ ಸುಮಾರು 4.4 ಗ್ರಾಂ ಉಪ್ಪು ಇಳಿಸಿದರೆ ಬಿಪಿ ರೋಗಿಗಳಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿದಿದೆ. ಒಬ್ಬರ ಬಿಪಿ ಬೆಳಗ್ಗೆಗೂ ಸಂಜೆಗೂ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಹಾಗಾಗಿ ಒಂದು ಸಲದ ಓದಿನಲ್ಲಿ ನಿಮಗೆ ಅದು ಕಾಣದೇ ಇರಬಹುದು, ಊರಿಡೀ ಲೆಕ್ಕದಲ್ಲಿ ಮಾತ್ರ ಅದು ಎಷ್ಟೋ ಜನರನ್ನು ಉಳಿಸುತ್ತದೆ. ಉಪ್ಪು ಇಳಿಸಿದ್ದೀವಿ ಅಂತ ಯಾರೂ ಮಾತ್ರೆ ನಿಲ್ಲಿಸದಂತೆ ಪ್ರತಿ ಸಭೆಯಲ್ಲೂ ಹೇಳಿ.

ಇನ್ನೊಂದು. ಎಲ್ಲ ಭಾರವನ್ನೂ ನಿಮ್ಮ ಹೆಗಲಿಗೇ ಹಾಕಿಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2000–01ರಲ್ಲಿ ದಿನಕ್ಕೆ ಸರಾಸರಿ 9.5 ಗ್ರಾಂ ಇದ್ದ ಉಪ್ಪು 2011ಕ್ಕೆ 8.1 ಗ್ರಾಂ ಆಯಿತು. ಅದರಲ್ಲಿ ದೊಡ್ಡ ಪಾಲು ಬ್ರೆಡ್ಡು, ಸಾಸು ಮಾಡುವವರು ವರ್ಷವರ್ಷ ಸ್ವಲ್ಪಸ್ವಲ್ಪವೇ ಉಪ್ಪು ಇಳಿಸಿದ್ದರದು. ಉಪ್ಪು ಕಾರ್ಖಾನೆಯಿಂದ ಬರುವ ಕಡೆ ಕಾರ್ಖಾನೆಯೇ ಬದಲಾಗಬೇಕು. ಉಪ್ಪು ಮನೆಯ ಒಲೆಯ ಮೇಲೆ ಬೀಳುವ ಕಡೆ ನಿಮ್ಮಂಥವರ ಕೆಲಸಕ್ಕೆ ಬೆಲೆ ಹೆಚ್ಚು. ಮೊದಲು ನಿಮ್ಮ ಮನೆಗಳಲ್ಲಿ ಯಾವುದು ಹೆಚ್ಚು ಅಂತ ಪತ್ತೆ ಮಾಡಿ.

ಪ್ರಶ್ನೆ ಕೇಳಿದವಳು, ಮೂರು ವಾರದ ಮೇಲೆ

ಎಲ್ಲರಿಗೂ ಧನ್ಯವಾದ. ತಡವಾಗಿ ಬರೆಯುತ್ತಿದ್ದೇನೆ, ಏನಾದರೂ ಮಾಡಿ ಆಮೇಲೆ ಹೇಳೋಣ ಅಂತ ಕಾದೆ.

ಮೊದಲು ನನ್ನದೇ ಅಡುಗೆಮನೆಯಲ್ಲಿ ನೋಡಿದೆ. ನಾವು ಐದು ಜನ. ಹಿಂದಿನ ಪಾಕೀಟು ತಂದ ದಿನ ನೆನಪಿತ್ತು, 19 ದಿನಕ್ಕೆ ಮುಗಿದಿದೆ. ತಲೆಗೆ 10 ಗ್ರಾಂ ದಾಟಿತು. ಏಳು ವರ್ಷದಿಂದ ಊರಿಗೆಲ್ಲ ಹೇಳುತ್ತಿರುವವಳ ಮನೆ. ಇದನ್ನು ಸಭೆಯಲ್ಲಿ ಮೊದಲೇ ಹೇಳಿಬಿಟ್ಟೆ. ಅದುವರೆಗೆ ಹಿಂದೆ ಕೂತಿದ್ದವರು ಮುಂದಕ್ಕೆ ಸರಿದು ಕೂತರು. ಲೋಟಗಳಲ್ಲಿ ಉಪ್ಪು ಹಾಕಿಸಿದೆ, ಅತಿ ಕಡಿಮೆ 5 ಗ್ರಾಂ, ಅತಿ ಹೆಚ್ಚು 14. ಈ ಸಲ ಸಭೆಯನ್ನು ಸಂಜೆ ಇಟ್ಟಿದ್ದೆ, ಆರು ಜನ ಗಂಡಸರೂ ಬಂದಿದ್ದರು. ಅಡುಗೆಯನ್ನೇ ಮಾಡದ ಒಬ್ಬರು ತಾವೂ ಹಾಕಿ ನೋಡುತ್ತೇನೆ ಅಂದರು. ಆ 14 ಅವರದು.

ಆ ಮನೆಗೂ ಹೋದೆ. ಅಮ್ಮ, ನೀವು ಹೇಳಿದಂತೆ ತಪ್ಪು ನನ್ನದು ಅಂದೆ. ಗಂಡ ಏನೂ ಮಾತಾಡಲಿಲ್ಲ, ಬಿಪಿ ನೋಡಿಸಿಕೊಂಡು ಎದ್ದು ಹೋದರು. ಅತ್ತೆ ಮಾತ್ರ ತಕ್ಕಡಿ ನೋಡಿ ಕುತೂಹಲದಿಂದ ಹತ್ತಿರ ಬಂದರು. ಕೈಯಲ್ಲಿ ಎತ್ತಿದರು, ತೂಗಿದೆವು, ಮತ್ತೆ ಎತ್ತಿದರು. ನಿಶ್ಶಕ್ತಿಯ ಪ್ರಶ್ನೆಯನ್ನು ಕೇಳಿಯೇ ಕೇಳಿದರು, ಡಾಕ್ಟರ್ ಹೇಳಿದ್ದು ಆಗ ಉಪಯೋಗಕ್ಕೆ ಬಂತು. ದಿನದ ಉಪ್ಪು ತೆಗೆದಿಡುವ ಡಬ್ಬಿ ತಾನೇ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಸೊಸೆ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಅವರ ಮನೆಯ ಹೊಸ ಪಾಕೀಟು ಈ ತಿಂಗಳು 11ನೇ ತಾರೀಖು ತೆರೆದದ್ದು. ತಾರೀಖು ಬರೆದದ್ದು ನಾಲ್ಕನೇ ಕ್ಲಾಸಿನ ಮೊಮ್ಮಗಳು, ದೊಡ್ಡ ಅಕ್ಷರದಲ್ಲಿ, ಕೆಂಪು ಪೆನ್ನಿನಲ್ಲಿ. ಮುಗಿದ ದಿನ ಬಂದು ತಿಳಿಸುತ್ತೇನೆ.